ಕರಿಕೋಳಿ ಮಳೆಯಲ್ಲಿ ನಿಂತದ್ದು

ತ್ರಿವೇಣಿ ಬೆಳಗಾವಿಯ ವಡಗಾವಿಯಿಂದ ಖಾನಾಪುರದ ಕುಂಬಾರರ ಮನೆಗೆ ಸೊಸೆಯಾಗಿ ಬರುವಾಗ ಜೊತೆಗೆ ಮೂರು ಕೋಳಿ ತಂದಿದ್ದಳು. ಅತ್ತೆ ಸಾವಂತ್ರವ್ವನಿಗೆ ಸೊಸೆ ಹಿಡಿಸಿದಳೋ ಇಲ್ಲವೋ ಯಾರೂ ಕೇಳಲಿಲ್ಲ, ಕೋಳಿಗಳಂತೂ ಹಿಡಿಸಲಿಲ್ಲ. "ಪ್ಯಾಟಿ ಕೋಳಿ ಅವು, ಮಳಿ ಬಿಸಲು ಅವಕ್ಕೇನ್ ತಿಳೀತೈತಿ?" ಎಂದು ದಿನಕ್ಕೊಮ್ಮೆ ಅನ್ನದಿದ್ದರೆ ಆಕೆಗೆ ಉಂಡದ್ದು ಅರಗುತ್ತಿರಲಿಲ್ಲ. ಆಕೆಯದು ಒಂದೇ ಒಂದು ಕರಿಕೋಳಿ. ಮಳೆಯ ವಿಷಯ ಅದು ಹೇಳಿತೆಂದರೆ ಮುಗಿಯಿತು, ಮೊಬೈಲು ನೋಡುವುದೂ ಬೇಡ.

ದೀಪಾವಳಿ ಹತ್ತಿರ ಬಂದಿತ್ತು. ತಿಂಗಳಿಡೀ ತ್ರಿವೇಣಿ ತನ್ನ ಕೈಯಾರೆ ದೀಪದ ಪಣತಿ ಮಾಡಿದ್ದಳು, ಜೀವನದಲ್ಲಿ ಮೊದಲ ಸಲ. ಮೊದಮೊದಲು ಸೊಟ್ಟ ಬಂದವು. ಆಮೇಲೆ ಸಾವಂತ್ರವ್ವ ತಿರುಗಿಸಿ ನೋಡಿದರೂ ಹುಳುಕು ಸಿಗದಷ್ಟು ಚಂದ ಬಂದವು. ಬೆಳಗಾವಿ ಪೇಟೆಯಲ್ಲಿ, ತವರಿನವರ ಕಣ್ಣೆದುರು ಅವನ್ನು ಮಾರಬೇಕೆಂಬುದು ಅವಳ ಆಸೆ. ಅಂದು ಗಂಡ ನಾಗಲಿಂಗ ಹಸಿ ಪಣತಿಗಳನ್ನೆಲ್ಲ ಹುಲ್ಲು, ಕುಳ್ಳಿನ ನಡುವೆ ಜೋಡಿಸಿ, ಸುಡಲೆಂದು ಅಂಗಳದಲ್ಲಿ ಆವಿಗೆ ಕಟ್ಟಿದ್ದ. ಬೆಂಕಿ ಹಚ್ಚುವುದೊಂದೇ ಬಾಕಿ. ಆಗ, ಎಲ್ಲಿತ್ತೋ ಏನೋ, ಟಪಟಪ ಹನಿ ಶುರುವಾಯಿತು.

ಆವಿಗೆಯ ಮೇಲೆ ತಾಡಪತ್ರಿ ಹೊದಿಸಿದರು. ಸಣ್ಣ ಮಳೆಯಾದರೆ ಅದು ತಡೆಯುತ್ತದೆ. ಜಡಿಮಳೆ ಹಿಡಿದರೆ ಅಂಗಳದ ನೀರು ಅಡಿಯಿಂದ ನುಗ್ಗಿ ಪಣತಿಯೆಲ್ಲ ಮತ್ತೆ ಮಣ್ಣು. ಈಗಲೇ ಬಿಚ್ಚಿ ಒಳಗೆ ಒಯ್ದರೆ ಅವಸರದಲ್ಲಿ ಅರ್ಧ ಒಡೆಯುತ್ತವೆ, ಹಬ್ಬದೊಳಗೆ ಮತ್ತೆ ಆವಿಗೆ ಕಟ್ಟಲು ಪುರಸೊತ್ತಿಲ್ಲ.

"ಕೋಳಿ ನೋಡ್ರಿ ಅತ್ತಿ," ಎಂದಳು ತ್ರಿವೇಣಿ. "ಮೂರೂ ಗೂಡಿಗೆ ಓಡಿದ್ವು. ಕೋಳಿ ಓಡಿ ಒಳಗ ಹೋದ್ರ ಮಳಿ ಲಗೂನ ನಿಂದರತೈತಂತ ನಮ್ಮವ್ವ ಅಂತಾಳ್ರಿ."

"ಅದು ಖರೇ. ಆದ್ರ ನಿನ್ನವು ತಗಡಿನ ಪತ್ರಾಸಿನ ಕೆಳಗ ಬೆಳದಾವು, ಒಂದು ಹನಿ ಬಿದ್ರ ಓಡ್ತಾವು. ನನ್ನ ಕೋಳಿ ನೋಡು! ತೊಯ್ಕೋತ ಹೊರಗ ನಿಂತೈತಿ. ಹಿಂಗ ನಿಂತ್ರ ಸಂಜಿತನಕಾ ಬಿಡಂಗಿಲ್ಲ ಮಳಿ. ನಾಗ್ಯಾ, ಆವಿಗಿ ಬಿಚ್ಚು."

ನಾಗಲಿಂಗ ತಾಡಪತ್ರಿಯ ತುದಿ ಹಿಡಿದು ಒಮ್ಮೆ ತಾಯಿಯ ಮುಖ, ಒಮ್ಮೆ ಹೆಂಡತಿಯ ಮುಖ ನೋಡಿದ. ಪಾಪ, ಅವನ ಮಾತನ್ನು ಅಲ್ಲಿ ಯಾವ ಕೋಳಿಯೂ ಕೇಳುತ್ತಿರಲಿಲ್ಲ.

ತ್ರಿವೇಣಿಗೆ ಅಳುವೇ ಬಂತು. ಕರಿಕೋಳಿಯನ್ನು ಮನಸ್ಸಿನಲ್ಲೇ ಬೈಯುತ್ತ ನೋಡಿದಳು. ಅದು ಗೂಡಿನ ಬಾಗಿಲಿಗೆ ಹೋಯಿತು, ಒಳಗಿನಿಂದ ಒಂದು ಕೊಕ್ಕು ಬಂದು ಕುಕ್ಕಿತು. ಹಿಂದೆ ಸರಿಯಿತು. ಮತ್ತೆ ಹೋಯಿತು, ಮತ್ತೆ ಕುಕ್ಕಿಸಿಕೊಂಡಿತು. ಅಯ್ಯ ಶಿವನೇ!

"ಅತ್ತೀ, ಅದು ಮಳಿ ನೋಡಾಕ ನಿಂತಿಲ್ರಿ. ನನ್ನ ಕೋಳಿ ಅದನ್ನ ಒಳಗ ಬಿಡವಲ್ವು. ಅದರ ಗೂಡು ಅದಕ್ಕ ಇಲ್ಲದಂಗ ಮಾಡ್ಯಾವ್ರಿ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಓಡಿ ಹೋಗಿ ತನ್ನ ಮೂರನ್ನೂ ಒಂದು ಮೂಲೆಗೆ ತಳ್ಳಿ, ಕರಿಕೋಳಿಯನ್ನು ಸೆರಗಿನಿಂದ ಒರೆಸಿ ಬೆಚ್ಚಗಿನ ಜಾಗದಲ್ಲಿಟ್ಟಳು. ಅದು ರೆಕ್ಕೆ ಕೊಡವಿ ಕೂತೇಬಿಟ್ಟಿತು.

ಸಾವಂತ್ರವ್ವ ಸೊಸೆಯ ಒದ್ದೆ ಸೆರಗನ್ನು ನೋಡಿದಳು, ಗೂಡನ್ನು ನೋಡಿದಳು. "ನಾಗ್ಯಾ, ಬಿಚ್ಚಬ್ಯಾಡ. ತಡಿ."

ಮೂವರೂ ಕಟ್ಟೆಯ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹನಿ ನಿಂತಿತು, ನಂದಗಡದ ಕಡೆಯಿಂದ ಬಿಸಿಲು ಬಂತು. ಕೋಳಿಗೆ ತಿಳಿದಿತ್ತೋ, ಮೋಡಕ್ಕೇ ಬೇಸರವಾಯಿತೋ, ಯಾರಿಗೆ ಗೊತ್ತು!

ಆ ಮನೆಯಲ್ಲಿ ಆವಿಗೆಗೆ ಬೆಂಕಿ ಇಡುವುದು ಹಿರಿಯಾಕೆಯ ಕೈ. ಸಾವಂತ್ರವ್ವ ಹುಲ್ಲಿನ ಸಿವುಡು ಹೊತ್ತಿಸಿ ಸೊಸೆಯ ಕೈಗೆ ಕೊಟ್ಟಳು. ತ್ರಿವೇಣಿ ಬಗ್ಗಿ ಅದನ್ನು ಆವಿಗೆಗೆ ಇಟ್ಟಳು, ಬೆಂಕಿ ಚೆನ್ನಾಗಿ ಹಿಡಿಯಿತು.

ಹೊಗೆ ಕಂಡು ಬಾಜೂ ಮನೆಯ ಕಾಂತಾ ಬೇಲಿಯಾಚೆಯಿಂದ ಕೂಗಿದಳು: "ಮಳಿ ನಿಂದರತೈತಂತ ಯಾರು ಹೇಳಿದ್ರಬೇ ನಿಮಗ?"

"ಯಾರು ಹೇಳ್ತಾರ?" ಎಂದಳು ಸಾವಂತ್ರವ್ವ. "ನಮ್ಮ ನಾಕೂ ಕೋಳಿ ಹೇಳಿದ್ವು."