ಹಗೇವಿಗೆ ಬಿಟ್ಟ ದೀಪ

ರಾಜೇಶ್ವರಿಗೆ ಅಂಜಿಕೆ ಹುಟ್ಟಿನಿಂದಲೇ ಅಂಟಿದ್ದು. ಹಲ್ಲಿ ಲೊಚಗುಟ್ಟಿದರೂ ಅಂಜಿಕೆ, ಅಂಚೆಯವನು ಬಾಗಿಲು ಬಡಿದರೂ ಅಂಜಿಕೆ. ಇಂಥವಳಿಗೆ ದೇವರು ಹುಡುಕಿ ಹುಡುಕಿ ಕೊಟ್ಟ ತಮ್ಮ ಗುರುಪಾದ. ಎಲ್ಲಿ ಬೀಗ ಜಡಿದಿದೆಯೋ, ಎಲ್ಲಿ 'ಒಳಗೆ ಬರಬಾರದು' ಎಂದು ಬರೆದಿದೆಯೋ, ಅಲ್ಲೇ ಅವನ ಕಾಲು ತುರಿಸಬೇಕು. ರಜೆ ಬಂತೆಂದರೆ ಮುಚ್ಚಿದ ಹತ್ತಿ ಗಿರಣಿ, ಪಾಳು ಬಾವಿ ಎಂದು ಹೆಬ್ಬಳ್ಳಿಯ ಸುತ್ತ ಅಲೆಯುವುದೇ ಕೆಲಸ. ಒಬ್ಬನನ್ನೇ ಬಿಟ್ಟರೆ ಏನಾದೀತೋ ಎಂದು ಅಕ್ಕ ಬೈಯುತ್ತಲೇ ಬೆನ್ನು ಹತ್ತುತ್ತಿದ್ದಳು. ಬರುವ ತಿಂಗಳು ಅವನ ಮದುವೆ ಬೇರೆ.

ಅವತ್ತು ಬಸವಣ್ಣನ ಗುಡಿಗೆಂದು ಮನೆ ಬಿಟ್ಟವರು ಊರಂಚಿನ ಹಳೇ ವಾಡೆಯ ಬಿದ್ದ ಗೋಡೆ ದಾಟಿದ್ದರು. ಅಂಗಳದಲ್ಲಿ ಎದೆಯೆತ್ತರ ಬೆಳೆದ ಹುಲ್ಲು ಕಸ. ಪ್ರತಿ ಹೆಜ್ಜೆಗೂ ಹಾವು ಮೆಟ್ಟಿದೆನೇನೋ ಎಂದು ಅವಳ ಜೀವ ಬಾಯಿಗೆ ಬರುತ್ತಿತ್ತು.

"ಸಾಕೋ ತಮ್ಮಾ. ಯಾರರ ನೋಡಿದ್ರ ಕಳ್ಳರು ಅಂತಾರ."

"ಕದಿಯಾಕ ಇಲ್ಲೇನೈತಿ, ಬಾವಲಿ ಹಿಕ್ಕಿ? ಬಾ ಸುಮ್ನ."

ಪಡಸಾಲೆಯ ಮೂಲೆಯಲ್ಲಿ ಒಂದು ದುಂಡನೆಯ ಚಪ್ಪಡಿ. ಮುರಿದ ಕಿಟಕಿಯ ಸರಳು ತೂರಿಸಿ, ಹಲ್ಲು ಕಚ್ಚಿ ಅವನು ಅದನ್ನು ಸರಿಸಿಯೇಬಿಟ್ಟ. ಕೆಳಗೆ ಕಪ್ಪಗೆ ಬಾಯಿ ತೆರೆದಿತ್ತು ಹಗೇವು. ಹಿಂದಿನವರು ಜೋಳ ತುಂಬಿಡಲು ನೆಲದಲ್ಲಿ ತೋಡಿಸಿದ್ದು. ಕತ್ತು ಕಿರಿದು, ಹೊಟ್ಟೆ ದೊಡ್ಡದು. ಹುಳಿತ ಕಾಳಿನ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು.

"ಇಳೀಬ್ಯಾಡ," ಎಂದಳು ರಾಜೇಶ್ವರಿ, ಅಜ್ಜಿಯನ್ನು ನೆನೆದು. "ಆಯಿ ಏನ್ ಹೇಳ್ತಿದ್ಲು ನೆನಪೈತಿಲ್ಲೋ? ಹಗೇವು ತಗದ ಕೂಡ್ಲೆ ಇಳೀಬಾರ್ದು. ಮೊದ್ಲ ದೀಪಾ ಬಿಟ್ಟ ನೋಡ್ಬೇಕು. ದೀಪಾ ಉರದ್ರ ಮನಶಾ ಇಳೀಬೇಕು."

"ಆತು, ದೀಪಾ ಬಿಡೂಣು. ಕೊಡ ನಿನ್ನ ವೇಲು."

ಅವಳ ವೇಲಿನ ತುದಿಗೆ ಮೊಬೈಲು ಕಟ್ಟಿ, ಬ್ಯಾಟರಿ ಹಚ್ಚಿ ಇಳಿಬಿಟ್ಟ. ತಳದವರೆಗೂ ಝಗಝಗ ಬೆಳಕು. ಒಡೆದ ಗಡಿಗೆ, ಒಂದಿಷ್ಟು ಕರಿ ಕಾಳು, ಅಷ್ಟೇ.

"ಉರಿಯಾಕತ್ತೇತಿಲ್ಲೋ? ಆಯಿ ಮಾತು ಮೀರಿಲ್ಲ ನೋಡ."

ಹೌದಲ್ಲ, ಎನಿಸಿತು ರಾಜೇಶ್ವರಿಗೆ. ಮುಂಜಾನೆಯಿಂದ ಮೊದಲ ಸಲ ಅವಳ ಎದೆ ಹಗುರಾಯಿತು. ಪಾಪ, ಇಬ್ಬರೂ ಆಯಿಯ ಮಾತು ಕೇಳಿದವರೇ ಹೊರತು ದೀಪ ಬಿಡುವುದನ್ನು ಕಂಡವರಲ್ಲ. ಅವರು ಹುಟ್ಟುವ ಹೊತ್ತಿಗೆ ಕಾಳೆಲ್ಲ ಚೀಲ ಸೇರಿತ್ತು.

ಗುರುಪಾದ ವೇಲು, ಮೊಬೈಲು ಎರಡನ್ನೂ ತಳದಲ್ಲೇ ಬಿಟ್ಟು, ಹಗೇವಿನ ಗೋಡೆಯ ಗೂಡುಗಳಲ್ಲಿ ಕಾಲಿಡುತ್ತ ಇಳಿದ. ಅವನ ತಲೆ ಮರೆಯಾದದ್ದೇ ಅವಳಿಗೆ ಮತ್ತೆ ದಿಗಿಲು. ಪೂಜೆ ಮಾಡದೆ ಲಕ್ಷ್ಮಿಯ ಹೊಟ್ಟೆಗೆ ಕಾಲಿಟ್ಟೆವಲ್ಲ ಎಂದು, ಗುಡಿಗೆ ತಂದ ಕರ್ಪೂರವನ್ನು ಹೆಂಚಿನ ಚೂರಿನ ಮೇಲಿಟ್ಟು ಹಚ್ಚಿದಳು. ಮೊಣಕಾಲೂರಿ ಹಗೇವಿನ ಬಾಯಿಗೆ ಬೆಳಗಿದಳು. ಕೈ ತುಸು ಒಳಗೆ ಹೋಗಿದ್ದೇ ತಡ, ಕರ್ಪೂರ ಆರಿತು. ಗಾಳಿ ಇರಲಿಲ್ಲ. ಮತ್ತೆ ಹಚ್ಚಿದಳು. ಮೇಲೆ ಚೆನ್ನಾಗಿಯೇ ಉರಿಯಿತು, ಕೈ ಇಳಿಸಿದಳು, ಮತ್ತೆ ಆರಿತು. ಮೊದಲು ಅಪಶಕುನ ಎಂದುಕೊಂಡಳು. ಆಮೇಲೆ ಕೆಳಗೆ ಅಲುಗದೆ ಬೆಳಗುತ್ತಿದ್ದ ಮೊಬೈಲು ಕಂಡಿತು. ಉಸಿರು ಬೇಡದ ದೀಪ ಅದು. ನೀರಲ್ಲಿ ಮುಳುಗಿಸಿದರೂ ಉರಿದೀತು. ಹೆಂಚು ಬಿಸಾಡಿ ಒಳಗೆ ಬಗ್ಗಿ ಕೂಗಿದಳು.

"ಗುರುಪಾದಾ, ಮ್ಯಾಲೆ ಬಾ. ಲಗೂ ಬಾರೋ."

"ಅಕ್ಕಾ... ತಲಿ ತಿರಗಾಕತ್ತೇತಿ..." ಹಗೇವಿನ ಕತ್ತಿನವರೆಗೆ ಹತ್ತಿ ಬಂದವನ ದನಿ ತೊದಲಿತು. ಗೂಡು ಹಿಡಿದ ಬೆರಳುಗಳು ಸಡಿಲಾಗುತ್ತಿದ್ದವು.

ರಾಜೇಶ್ವರಿ ಉಸಿರು ಬಿಗಿಹಿಡಿದು ಬೋರಲು ಬಿದ್ದಳು. ಅರ್ಧ ಮೈ ಒಳಗೆ ಚಾಚಿ, ಕೈಗೆ ಸಿಕ್ಕ ಅವನ ಕೂದಲನ್ನು ಮುಷ್ಟಿ ತುಂಬ ಹಿಡಿದು ಜಗ್ಗಿದಳು. ನೋವಿಗೆ ಅವನು ಚೀರಿ ಎಚ್ಚತ್ತ. ಕಾಲು ಒಂದು ಗೂಡು ಹತ್ತಿತು. ಮತ್ತೆ ಜಗ್ಗಿದಳು, ಮತ್ತೊಂದು ಗೂಡು. ಭುಜ ಬಂತು, ಎದೆ ಬಂತು. ಹೊರಗೆ ಬಿದ್ದವನೇ ಅಂಗಳಕ್ಕೆ ತೆವಳಿ ಕಸದಲ್ಲಿ ಕಾರಿಕೊಂಡ. ಅವಳು ಅವನ ಬೆನ್ನು ಬಡಿಯುತ್ತ ಹೋ ಎಂದು ಅತ್ತಳು.

ಅಷ್ಟರಲ್ಲಿ ಹಗೇವಿನೊಳಗೆ ಮೊಬೈಲು ಬಡಿದುಕೊಳ್ಳತೊಡಗಿತು.

"ಅವ್ವನ ಫೋನ್ ಇರಬೇಕು. ಊಟಕ್ಕ ಕರಿಯಾಕತ್ತಾಳ," ಎಂದ ಗುರುಪಾದ, ಎಂದಿನ ರೂಢಿಯಂತೆ ಎದ್ದು ಅತ್ತ ಹೊರಳಲು ನೋಡಿದ.

ಅವನ ಕೂದಲು ಬಿಡದಿದ್ದ ರಾಜೇಶ್ವರಿಯ ಮುಷ್ಟಿ ಇನ್ನೂ ಬಿಗಿಯಾಯಿತು.

"ಬಡ್ಕೊಳ್ಳಲಿ ಬಿಡು. ನಡಿ ಮನಿಗಿ."

"ಕೂದ್ಲರ ಬಿಡ ಅಕ್ಕಾ. ಓಣ್ಯಾಗ ಮಂದಿ ನೋಡ್ತಾರ."

"ನೋಡ್ಲಿ."

ಹಾಡಹಗಲೇ, ಹೆಬ್ಬಳ್ಳಿಯ ಓಣಿಯಲ್ಲಿ, ಮದುವೆ ಗೊತ್ತಾದ ತಮ್ಮನ ತಲೆಗೂದಲು ಹಿಡಿದುಕೊಂಡೇ ಅವಳು ಮನೆ ಮುಟ್ಟಿದಳು. ಕಟ್ಟೆಯ ಮೇಲಿನ ಮಂದಿ ನಕ್ಕರು. ಜನರೆಂದರೆ ಅಂಜುವ ರಾಜೇಶ್ವರಿಗೆ ಅದು ಕೇಳಿಸಲೇ ಇಲ್ಲ.