ದರ್ಜಿ ತಾತನ ಕೈ

"ಕೈ ಇನ್ನೂ ಸ್ವಲ್ಪ ಮುಂದೆ ತಾ, ಅಮ್ಮ. ಮುಖ ಬೇಡ. ಕತ್ತಿನಿಂದ ಕೆಳಗೆ ಸಾಕು," ಎಂದ ಮಗ, ಸ್ಟ್ಯಾಂಡಿನ ಮೇಲೆ ಫೋನನ್ನು ಬಗ್ಗಿಸುತ್ತ.

ಅವಳು ಮುಂದೆ ಸರಿದಳು. ಗಂಡನ ಅಂಗಿ ಹೆಗಲಿಗೆ ದೊಡ್ಡದು. ತೋಳನ್ನು ಒಳಗಿನಿಂದ ಪಿನ್ನು ಹಾಕಿ ಮಣಿಕಟ್ಟಿಗೆ ನಿಲ್ಲಿಸಿದ್ದಾಗಿತ್ತು. ಸೂಜಿ ಚುಚ್ಚದಂತೆ ಅವರು ಬೆರಳಿಗೆ ಹಾಕುತ್ತಿದ್ದ ಹಿತ್ತಾಳೆಯ ಅಂಗುಸ್ತಾನವೂ ಸಡಿಲ. ಒಳಗೆ ಚಿಂದಿ ತುರುಕಿಕೊಂಡಿದ್ದಳು.

ಅವರು ತೀರಿಕೊಂಡು ಒಂದು ಚಳಿಗಾಲ ಕಳೆದಿತ್ತು. ಫೋನಿನಲ್ಲಿ ಮಾತ್ರ ಇನ್ನೂ ಇದ್ದರು.

'ದರ್ಜಿ ತಾತ' ಎಂಬ ಪುಟ ತೆರೆದವನು ಮಗನೇ. ಮೊದಲು ಹೊಲಿದ ಕೋಟುಗಳ ಚಿತ್ರ ಹಾಕಿದ. ಯಾರೂ ತಿರುಗಿ ನೋಡಲಿಲ್ಲ. ಒಂದು ದಿನ ಅಪ್ಪ ಗುಂಡಿ ತೂರುವ ಕಾಜಾ ಹೊಲಿಯುತ್ತ, "ಗುಂಡಿ ಅಂದ್ರೆ ಅಳಿಯ ಇದ್ದ ಹಾಗೆ. ಬಾಗಿಲು ಬಿಗಿ ಇಲ್ದಿದ್ರೆ ಹೇಳದೆ ಜಾರ್ಕೊಳ್ತಾನೆ," ಎಂದದ್ದನ್ನು ಹಾಕಿದ. ಊರೂರಿನವರು ನಕ್ಕರು. ನಕ್ಕವರು ಅಳತೆ ಕಳಿಸಿದರು. ಕೊನೆಯ ವಿಡಿಯೋದಲ್ಲಿ ಅವರು ಕತ್ತರಿ ಕೆಳಗಿಟ್ಟು "ಬರ್ತೀನಿ" ಎಂದು ಎದ್ದಿದ್ದರು. ಹೊರಡುವಾಗ 'ಹೋಗ್ತೀನಿ' ಎನ್ನುವ ನಾಲಿಗೆ ಅವರದಲ್ಲ. ಜನ ಅದನ್ನೇ ಹಿಡಿದುಕೊಂಡರು. ತಾತ ಬರ್ತೀನಿ ಅಂದ್ರಲ್ಲ, ಯಾವಾಗ?

ಮಗ "ಬೇಗ" ಎಂದು ಬರೆದುಬಿಟ್ಟ.

"ನಿಜ ಹೇಳಿಬಿಡೋ," ಎಂದು ಅವಳು ಇವತ್ತೂ ಅಂದಿದ್ದಳು. "ಅಷ್ಟು ಜನ ದೇವರ ಹತ್ರ ಒಂದು ಮಾತು ಬೇಡಿಕೊಂಡ್ರೆ ಅದು ನಿಮ್ಮಪ್ಪಂಗೆ ಸಲ್ಲುತ್ತೆ."

"ಬೇಡ್ಕೊಳ್ತಾರಮ್ಮ. ಆಮೇಲೆ ಬೇರೆ ಅಂಗಡಿಗೆ ಹೋಗ್ತಾರೆ. ಅವರಿಗೆ ಬೇಕಾಗಿರೋದು ಅಪ್ಪ. ನನ್ನ ಹೊಲಿಗೆ ಯಾರಿಗೆ ಬೇಕು?"

ಗೋಡೆಯ ಮೇಲಿನ ಅವರ ಪಟ ವಿಡಿಯೋದಲ್ಲಿ ಕಂಡೀತೆಂದು ಮಗ ಅದನ್ನು ಗೋಡೆಗೆ ಮುಖಮಾಡಿ ತಿರುಗಿಸಿದ್ದ. ಬೆಳಿಗ್ಗೆ ಪ್ರಾರ್ಥನೆಗೆ ಕೂತರೆ ಅವಳ ಎದುರಿಗೆ ಬರೀ ಹಲಗೆಯ ಬೆನ್ನು.

"ಲೈವ್ ಶುರು," ಎಂದ ಮಗ.

ಅವಳು ಸೂಜಿ ಎಳೆದಳು. ಮಗ ಜನ ಬರೆದದ್ದನ್ನು ಗಟ್ಟಿಯಾಗಿ ಓದುತ್ತ ಉತ್ತರ ಕೊಡುತ್ತಿದ್ದ.

"ತಾತನ ಕೈ ಯಾಕೆ ಸೊರಗಿದೆ ಅಂತೀರಾ? ವಯಸ್ಸಾಯ್ತಲ್ವಾ ಸ್ವಾಮಿ! ಮಾತಾಡ್ಲಿ ಅಂತೀರಾ? ಪಾಪ, ಗಂಟಲು ಕಟ್ಟಿದೆ."

ಆಮೇಲೆ ಅವನ ದನಿ ಸ್ವಲ್ಪ ತಗ್ಗಿತು. "'ತಾತ, ನನ್ನ ಮಗು ಆಸ್ಪತ್ರೇಲಿದೆ. ನಿಮ್ಮ ಬಾಯಿಂದ ಒಂದು ಒಳ್ಳೆ ಮಾತು ಬರಲಿ...'"

ಸೂಜಿ ನಿಂತಿತು. ಒಬ್ಬ ತಾಯಿ ಹಾರೈಕೆ ಕೇಳುತ್ತಿದ್ದಾಳೆ. ಕೊಡುವವರು ಯಾರು?

"ಅವರು ಹೋದ್ರಮ್ಮ," ಎಂದಳು ಅವಳು, ಫೋನಿನತ್ತ. "ನಮ್ಮವರು ಹೋಗಿಬಿಟ್ರು. ನಾನು ಅವರ ಹೆಂಡತಿ."

ಮಗನ ಮುಖ ಬಿಳಿಚಿತು. ಅವನು ಪರದೆಯ ಮೇಲೆ ಬಾಗಿ ಓದಿದ, ಇನ್ನೊಮ್ಮೆ ಓದಿದ. ನಿಧಾನವಾಗಿ ಉಸಿರು ಬಿಟ್ಟ.

"ಎಲ್ಲಿಗೆ ಹೋದ್ರು ಅಂತ ಕೇಳ್ತಿದ್ದಾರೆ," ಎಂದು ನಕ್ಕ. "ಊರಿಗೆ ಹೋಗಿದ್ದಾರೆ ಸ್ವಾಮಿ! ಇವತ್ತು ತಮಾಷೆಗೆ ಅಮ್ಮನ್ನ ಕೂರಿಸಿದ್ವಿ, ಸಿಕ್ಕಿಬಿದ್ವಿ. ತಾತ ಬರ್ತಾರೆ."

ಪರದೆಯ ತುಂಬ ಕೆಂಪು ಹೃದಯಗಳು ಮೇಲೇರಿದವು. 'ಹೋದರು' ಎನ್ನುವುದಕ್ಕಿಂತ ನೇರವಾದ ಮಾತು ಇನ್ನೊಂದಿದೆ. ಅವಳು ಬಾಯಿ ತೆರೆದಳು. ಊರ ನಾಯಿ ಸತ್ತಾಗ ಸಲೀಸಾಗಿ ಬರುವ ಆ ಮಾತು ಗಂಡನ ವಿಷಯದಲ್ಲಿ ಎಂದೂ ಬಂದಿರಲಿಲ್ಲ, ಈಗಲೂ ಬರಲಿಲ್ಲ. "ಮಗು ಚೆನ್ನಾಗಾಗಲಿ," ಎಂದಷ್ಟೇ ಹೇಳಿದಳು.

"ನೋಡಿದ್ಯಾ, ಒಳ್ಳೇದೇ ಆಯ್ತು," ಎಂದ ಮಗ, ಲೈವ್ ನಿಲ್ಲಿಸಿ. "ಅಪ್ಪ ಊರಿಂದ ಬರೋ ತನಕ ನೀನೇ ಕೂರಬಹುದು."

ಹೊರಗೆ ಗಿರಾಕಿ ಕೂಗಿದರು. ಅವನು ಎದ್ದು ಹೋದ.

ಫೋನು ಆರಿತು. ಅದರ ಕಪ್ಪು ಗಾಜಿನಲ್ಲಿ ಅವರ ಅಂಗಿ ಕೂತಿತ್ತು, ಕಾಲರಿನವರೆಗೆ ಗುಂಡಿ ಹಾಕಿಕೊಂಡು, ಬೆರಳಲ್ಲಿ ಅಂಗುಸ್ತಾನ ತೊಟ್ಟು. ಕಾಲರಿನಿಂದ ಮೇಲಕ್ಕೆ ಏನೂ ಇರಲಿಲ್ಲ.