ಚಿಪ್ಪುಬಂಡೆಯ ಬಾಯಿ

ನಾನು ಒಂದು ಸ್ಪಂಜು. ಪಾತ್ರೆ ಉಜ್ಜುವುದಲ್ಲ, ಜೀವವಿರುವುದು. ಹುಟ್ಟಿದಾಗ ಸಾಸಿವೆಗಿಂತ ಸಣ್ಣವಳು, ಅಲೆಯಲ್ಲಿ ಈಜುತ್ತಿದ್ದೆ. ಆಮೇಲೆ ಚಿಪ್ಪುಬಂಡೆಗೆ ತಲೆ ಊರಿ ಅಂಟಿದವಳು ಮತ್ತೆ ಕದಲಲಿಲ್ಲ.

ನನಗೆ ಹೃದಯವಿಲ್ಲ, ಹೊಟ್ಟೆಯಿಲ್ಲ, ಮಿದುಳೂ ಇಲ್ಲ. ಇರುವುದು ಜೀವಕೋಶಗಳು, ಯಜಮಾನಿಯಿಲ್ಲದ ಮನೆಯ ಓರಗಿತ್ತಿಯರ ಹಾಗೆ. ಕೆಲವರು ಪುಟ್ಟ ಚಾಟಿ ಬೀಸಿ ನೀರೆಳೆದು, ಅದರಲ್ಲಿ ಬಂದ ತುಣುಕನ್ನು ಹಿಡಿಯುತ್ತಾರೆ. ಕೆಲವರು ಅದನ್ನು ಹೊತ್ತು ಮನೆಯೆಲ್ಲ ಹಂಚುತ್ತಾರೆ. ಇನ್ನು ಕೆಲವರು ಗಾಜಿನಂಥ ಸೂಜಿ ಕಟ್ಟಿ ಮನೆ ಬೀಳದಂತೆ ನಿಲ್ಲಿಸುತ್ತಾರೆ. ಸಾವಿರ ತೂತುಗಳಿಂದ ಒಳಬಂದ ನೀರು ನೆತ್ತಿಯ ಬಾಯಿಂದ ಹೊರಗೆ ಹೋಗುತ್ತದೆ. ನೀರು ಕೆಟ್ಟರೆ ಬಾಯಿ ಮುಚ್ಚುತ್ತದೆ. ನನ್ನ ವಿದ್ಯೆ ಅದೊಂದೇ.

ಅದನ್ನು ಬಲ್ಲವಳು ಸೋಮಕ್ಕಜ್ಜಿ. ಕಡಲಿನ ಇಳಿತದಲ್ಲಿ ತಿನ್ನುವ ಚಿಪ್ಪು ಕೀಳಲು ಬಂದರೆ ಮೊದಲು ನನ್ನ ಬಾಯಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ನೀರು ಬೆರಳನ್ನು ನೂಕಿದರೆ ಬುಟ್ಟಿ ತುಂಬುವಳು. ಇಲ್ಲವಾದರೆ, "ಇವತ್ತು ಇದಕ್ಕೆ ಉಸ್ರಿಲ್ಲ, ನಮಗೂ ಚಿಪ್ಪು ಬ್ಯಾಡ" ಎಂದು ಹಿಂದಿರುಗುವಳು.

ಅವಳ ಮಂಡಿ ಸೋತ ಮೇಲೆ ಸೊಸೆ ನೀಲಾವತಿ ಬಂದಳು. ಮೊದಲ ದಿನವೇ ನನ್ನನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ದೇವರೆಂದುಕೊಂಡಿದ್ದಳು, ಪಾಪ. ಕಾಯಲಿಲ್ಲ.

ಒಂದು ಬೆಳಿಗ್ಗೆ ಕಡಲು ಕಂದು ಬಣ್ಣಕ್ಕೆ ತಿರುಗಿತು. ಚಾಟಿಗಳು ಒಂದೊಂದಾಗಿ ನಿಂತವು. ನಾನು ಬಾಯಿ ಬಿಗಿದೆ. ಪಕ್ಕದ ಚಿಪ್ಪುಗಳ ಹೊಟ್ಟೆಗೆ ಅದೇ ನೀರು ಇಳಿದಿತ್ತು.

ನೀಲಾವತಿ ಬಂದಳು. ಹೆರಿಗೆಗೆ ತವರಿಗೆ ಬಂದಿದ್ದ ಮಗಳು ವನಿತಾಗೆ ಚಿಪ್ಪಿನ ಸಾರಿನ ಬಯಕೆ. ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು, ಕತ್ತಿ ಎತ್ತಿದಳು.

ದಡದಿಂದ ಅಜ್ಜಿ ಕೂಗಿದಳು: "ನೀರಿನ ಬಣ್ಣ ಎಂತದೇ ಅದು? ಬೆರಳಿಟ್ಟು ನೋಡಿದ್ಯಾ?"

"ಮುಟ್ಟಿದೆ ಅತ್ತೆ! ನಿಮ್ಮ ದೇವರಿಗೆ ಕೈ ಮುಗಿದೂ ಆಯ್ತು. ಇನ್ನು ತೆಂಗಿನಕಾಯಿ ಒಡೆಯೂದೊಂದು ಬಾಕಿ!"

ಉಸಿರು ನೋಡಿಯಾಯಿತೆಂದುಕೊಂಡು ಅಜ್ಜಿ ನಕ್ಕಳು. ಆ ನಗುವನ್ನು ತಡೆಯಬೇಕೆಂದು ಬಯಸಿದೆ, ಆದರೆ ಬಯಸಲು ನನಗೇನಿದೆ? ಚಿಪ್ಪಿನ ಜೊತೆ ನನ್ನ ಅರ್ಧ ಮೈಯೂ ಕಿತ್ತುಹೋಯಿತು.

ಆಮೇಲೆ ಬಂಡೆಗೆ ಯಾರೂ ಬರಲಿಲ್ಲ. ಕಡಲು ತಿಳಿಯಾಯಿತು. ಚದುರಿದ ನನ್ನ ಕೋಶಗಳು ತೆವಳಿ ಒಂದನ್ನೊಂದು ಹುಡುಕಿಕೊಂಡವು. ಮತ್ತೆ ಒಂದು ಬಾಯಿ ತೆರೆಯಿತು.

ಒಂದು ಇಳಿತದಲ್ಲಿ ಅಜ್ಜಿ ಕುಂಡೆಯೂರಿ ತೆವಳುತ್ತಾ ಬಂದಳು. ಬುಟ್ಟಿ ತಂದಿರಲಿಲ್ಲ. ಬೆರಳಿಟ್ಟು ಕಾದಳು.

"ನಿಂಗೆ ಉಸ್ರು ತಿರುಗಿ ಬಂತು. ನಮ್ಮ ವನಿತಾಗೆ ಬರ್ಲಿಲ್ಲ" ಎಂದಳು. "ಮುಟ್ಟು ಅಂದಿದ್ದೆ ಸೊಸೆಗೆ. ಎಂತಕೆ ಅಂತ ಹೇಳ್ಲೇ ಇಲ್ಲ."

ಏರುತ್ತಿದ್ದ ನೀರು ಅವಳ ಸೊಂಟಕ್ಕೆ ಬರುತ್ತಿತ್ತು. ಅವಳು ಬೆರಳು ತೆಗೆಯಲಿಲ್ಲ. ನಾನು ನೀರನ್ನು ನೂಕುತ್ತಲೇ ಇದ್ದೆ.